ಎಂಟು ಪ್ರಹರದ ಉಪ್ಪಿನಕಾಯಿ

ಶ್ರಾವಕನ ಧರ್ಮಕ್ಕೆ ಬಸದಿಯಲ್ಲಿ ವಾರಕ್ಕೊಮ್ಮೆ ಪರೀಕ್ಷೆಯಾದರೆ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಬಾರಿ ಪರೀಕ್ಷೆಯಾಗುತ್ತದೆ. ನೀರನ್ನು ಸೋಸಿ ಬಳಸುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಈ ಮೂರು ನಿಯಮಗಳನ್ನು ಜೈನ ಮನೆತನಗಳು ಇಂದಿಗೂ ಒಂದು ಮಟ್ಟಿಗೆ ಉಳಿಸಿಕೊಂಡು ಬಂದಿವೆ. ಇವುಗಳ ಜೊತೆಯಲ್ಲಿದ್ದ ನಾಲ್ಕನೆಯ ನಿಯಮವೊಂದು ಮಾತ್ರ ಯಾರೂ ಗಮನಿಸದಂತೆ ಕೈಬಿಟ್ಟುಹೋಗಿದೆ. ಅದೇ ಸಂಧಾನತ್ಯಾಗ, ಎಂದರೆ ದಿನಗಟ್ಟಲೆ ಕೂಡಿಟ್ಟು ಹುಳಿಯಲು ಬಿಟ್ಟ ಉಪ್ಪಿನಕಾಯಿಯನ್ನು ತ್ಯಜಿಸುವುದು.

ಬೇಸಗೆ ಬಂದೊಡನೆ ಈ ಪ್ರಶ್ನೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಪ್ರತಿಯೊಂದು ಮನೆಯ ಬಾಗಿಲಿಗೂ ಬಂದು ನಿಲ್ಲುತ್ತದೆ. ಘಟ್ಟದ ಬುಡದ ಊರುಗಳಿಂದ ಮಾವಿನ ಮಿಡಿ ಇಳಿದು ಬರುತ್ತದೆ. ಕೊಯ್ಲು ಮುಗಿದ ಗದ್ದೆಗಳಲ್ಲಿ ಮುಳ್ಳುಸೌತೆ, ಮೊಗೆಕಾಯಿ, ಅಲಸಂಡೆ, ಬೆಂಡೆ ಬೆಳೆಯುತ್ತವೆ. ಹಿತ್ತಿಲ ಚಪ್ಪರದಲ್ಲಿ ತೊಂಡೆ, ಹಾಗಲ ಇಳಿಬೀಳುತ್ತವೆ. ಬಾವಿಕಟ್ಟೆಯ ಬಳಿಯ ಬಿಂಬುಳಿ ಮರ ಕಾಂಡದ ತುಂಬ ಕಾಯಿ ಬಿಡುತ್ತದೆ. ಅದೇ ದಿನಗಳಲ್ಲಿ ಅಟ್ಟದ ಮೇಲಿನ ಭರಣಿಗಳೂ ಕೆಳಗಿಳಿದು ಬಿಸಿಲು ಕಾಯುತ್ತವೆ. ಕೆಲವು ಮನೆಗಳಲ್ಲಿ ಭರಣಿಯ ಸ್ಥಾನವನ್ನು ಅಂಗಡಿಯ ಬಾಟಲಿ ಆಗಲೇ ಆಕ್ರಮಿಸಿದೆ. ಭರಣಿಯಾದರೇನು, ಬಾಟಲಿಯಾದರೇನು, ಶಾಸ್ತ್ರದ ಪ್ರಶ್ನೆ ಒಂದೇ: ಈ ಕಾಯಿಯನ್ನು ಕೊಯ್ದು ಉಪ್ಪು ಬೆರೆಸಿ ಎಷ್ಟು ಕಾಲವಾಯಿತು?

ಈ ಪ್ರಶ್ನೆ ಕೇಳುವವರು ಇನ್ನೂ ಇದ್ದಾರೆ ಎಂಬುದು ಸಮಾಜದ ಭಾಗ್ಯ. ಪೂಜೆಯೊಂದರ ನಂತರದ ಸಾಮೂಹಿಕ ಭೋಜನವನ್ನು ನೆನೆದುಕೊಳ್ಳಬಹುದು. ಬಾಳೆಲೆಯ ತುದಿಗೆ ಉಪ್ಪು, ಅದರ ಪಕ್ಕಕ್ಕೆ ಉಪ್ಪಿನಕಾಯಿ. ಪಂಕ್ತಿಯಲ್ಲಿ ಕುಳಿತ ವ್ರತಸ್ಥೆಯಾದ ವೃದ್ಧೆಯೊಬ್ಬರು ಬಡಿಸುವವನನ್ನು ಮೆಲ್ಲಗೆ ಕೇಳುತ್ತಾರೆ: "ಇದು ಯಾವಾಗ ಹಾಕಿದ್ದಪ್ಪಾ?" ಬಡಿಸುವವನಿಗೆ ತಿಳಿಯದು. ಅಡುಗೆಯವರಿಗೂ ತಿಳಿಯದು, ಅವರು ಡಬ್ಬಿ ತೆರೆದವರು ಮಾತ್ರ. ಸಾಮಾನು ತಂದ ಸಮಿತಿಯವರು, "ಬೆಳ್ಳುಳ್ಳಿ ಹಾಕಿಲ್ಲ ಅಮ್ಮಾ, ಜೈನರದ್ದೇ" ಎಂದು ಸಮಾಧಾನ ಹೇಳುತ್ತಾರೆ. ವೃದ್ಧೆ ಮರುಮಾತಾಡದೆ ಎಲೆಯ ಆ ಮೂಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಧರ್ಮಸ್ಥಾನದ ಊಟದಲ್ಲಿ ಧರ್ಮವನ್ನು ಪಾಲಿಸುವವರ ಎಲೆಯೇ ಬರಿದಾಗಿ ಉಳಿಯುವುದಾದರೆ ಆ ಊಟವನ್ನು ಯಾರಿಗಾಗಿ ಸಿದ್ಧಪಡಿಸಲಾಯಿತು?

ಬೆಳ್ಳುಳ್ಳಿ ಇಲ್ಲದ ಉಪ್ಪಿನಕಾಯಿ ಜೈನ ಉಪ್ಪಿನಕಾಯಿ ಎಂಬ ನಂಬಿಕೆ ಇಂದು ಎಲ್ಲೆಡೆ ಹಬ್ಬಿದೆ. ಇದು ಅರ್ಧಸತ್ಯ. ಬೆಳ್ಳುಳ್ಳಿ, ಹಸಿಶುಂಠಿಗಳ ವರ್ಜನೆ ಸರಿಯಾದುದೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಫಲ ಅಲ್ಪವಾಗಿ ಘಾತ ಬಹಳವಾಗುವ ವಸ್ತುಗಳಲ್ಲಿ ಮೂಲಂಗಿಯನ್ನೂ ಹಸಿಶುಂಠಿಯನ್ನೂ ಹೆಸರಿಸಿಯೇ ಹೇಳಿದ್ದಾರೆ. ಆದರೆ ಉಪ್ಪಿನಕಾಯಿಯ ದೋಷವನ್ನು ಶಾಸ್ತ್ರವು ಅದರೊಳಗಿನ ವಸ್ತುವಿನಿಂದ ಮಾತ್ರ ಅಳೆದಿಲ್ಲ, ಕಾಲದಿಂದಲೂ ಅಳೆದಿದೆ. ಶ್ರಾವಕರಲ್ಲಿ ಪರಂಪರೆಯಿಂದ ಬಂದ ಇಪ್ಪತ್ತೆರಡು ಅಭಕ್ಷ್ಯಗಳ ಪಟ್ಟಿಯಲ್ಲಿ ಸಂಧಾನವು ಒಂದು ಪ್ರತ್ಯೇಕ ಅಭಕ್ಷ್ಯ. ರಸ ಕೆಟ್ಟು ಬದಲಾದ ಪದಾರ್ಥ, ಎಂದರೆ ಚಲಿತರಸ, ಇನ್ನೊಂದು. ಅತಿ ಎಳೆಯದಾದ, ತಿರುಳು ಕಟ್ಟದ ತುಚ್ಛಫಲ ಮತ್ತೊಂದು. ಬೀಜ ಕಟ್ಟುವ ಮೊದಲೇ ಕೊಯ್ದ ಸಾವಿರಾರು ಮಿಡಿಗಳನ್ನು ವರ್ಷಕಾಲ ಉಪ್ಪುನೀರಿನಲ್ಲಿ ಮುಳುಗಿಸಿಡುವ ಮನೆಯವರು ಈ ಮೂರು ಹೆಸರುಗಳನ್ನು ಒಟ್ಟಿಗೆ ಓದಿಕೊಳ್ಳುವುದು ಒಳ್ಳೆಯದು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ಅವರು ಸಂಧಾನವನ್ನು ಎಲ್ಲಿ ಇರಿಸಿದರೆಂಬುದು ಬಹಳ ಗಮನಾರ್ಹ. ಮದ್ಯತ್ಯಾಗವ್ರತಕ್ಕೆ ತಗಲುವ ಮಲಿನತೆಗಳನ್ನು ಹೇಳುವಾಗ ಅವರು ಎಲ್ಲ ಬಗೆಯ ಸಂಧಾನವನ್ನೂ, ಎರಡು ದಿನ ಕಳೆದ ಮೊಸರು ಮಜ್ಜಿಗೆಗಳನ್ನೂ, ಬೂಷ್ಟು ಕಟ್ಟಿದ ಕಾಂಜಿಯನ್ನೂ ಬಿಡಬೇಕೆಂದಿದ್ದಾರೆ. ಉಪ್ಪಿನಕಾಯಿಗೂ ಮದ್ಯಕ್ಕೂ ಏನು ಸಂಬಂಧ ಎಂದು ಮೇಲುನೋಟಕ್ಕೆ ಆಶ್ಚರ್ಯವಾಗಬಹುದು. ಎರಡರ ಹಿಂದೆಯೂ ಇರುವ ಕ್ರಿಯೆ ಒಂದೇ ಬಗೆಯದು: ಕೂಡಿಟ್ಟ ರಸದಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿ, ವೃದ್ಧಿಸಿ, ಅದನ್ನು ಹುಳಿಸುವುದು. ಉಪ್ಪುನೀರಿನಲ್ಲಿ ಹುಳಿಯುವ ತರಕಾರಿಯಲ್ಲಿ ಕೆಲಸ ಮಾಡುವವು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವ ಬ್ಯಾಕ್ಟೀರಿಯಗಳೆಂದು ಇಂದಿನ ವಿಜ್ಞಾನ ಹೇಳುತ್ತದೆ. ಅವು ದೇಹಕ್ಕೆ ಅಪಾಯಕಾರಿಗಳಲ್ಲ, ಕೆಲವು ಹಿತಕರವೂ ಹೌದು. ಆದರೆ ಇದು ವೈದ್ಯನ ಉತ್ತರ. ವ್ರತಿಯ ಪ್ರಶ್ನೆ ಬೇರೆ. ತನ್ನ ನಾಲಗೆಯ ಸುಖಕ್ಕಾಗಿ ಎಷ್ಟು ಜೀವಗಳ ಉತ್ಪತ್ತಿಗೂ ನಾಶಕ್ಕೂ ತಾನು ಕಾರಣನಾಗಬೇಕು ಎಂಬುದು ಅವನ ಪ್ರಶ್ನೆ.

ಹಾಗಾದರೆ ಜೈನರ ಎಲೆಯಲ್ಲಿ ಉಪ್ಪಿನಕಾಯಿಯೇ ಇರಬಾರದೆ? ಇರಬಹುದು. ಇದೇ ಈ ಚರ್ಚೆಯ ಮುಖ್ಯ ವಿಷಯ. ಶಾಸ್ತ್ರವು ಉಪ್ಪನ್ನೂ ಹುಳಿಯನ್ನೂ ಎಂದಿಗೂ ನಿಂದಿಸಿಲ್ಲ. ಸಚಿತ್ತ ವಸ್ತು ಪ್ರಾಸುಕವಾಗುವ ಬಗೆಗಳನ್ನು ಹೇಳುವ ಪ್ರಸಿದ್ಧ ಪ್ರಾಕೃತ ಗಾಥೆಯೊಂದಿದೆ. ಒಣಗಿಸಿದ್ದು, ಬೇಯಿಸಿದ್ದು, ಕಾಯಿಸಿದ್ದು, ಹುಳಿ ಮತ್ತು ಉಪ್ಪು ಬೆರೆಸಿದ್ದು, ಉಪಕರಣದಿಂದ ಛೇದಿಸಿದ್ದು, ಇವೆಲ್ಲ ಪ್ರಾಸುಕವೆಂಬುದು ಅದರ ಅಭಿಪ್ರಾಯ. ಮೆಟ್ಟುಕತ್ತಿಯಲ್ಲಿ ಸಣ್ಣಗೆ ಹೆಚ್ಚಿ, ಹುರಿದ ಉಪ್ಪನ್ನೂ ನಿಂಬೆಯ ಹುಳಿಯನ್ನೂ ಬೆರೆಸಿ, ಬಿಸಿ ಒಗ್ಗರಣೆ ಕೊಟ್ಟ ಮುಳ್ಳುಸೌತೆಯ ಹೋಳಿಗೆ ಈ ಬಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಅನ್ವಯಿಸುತ್ತವೆ. ಐದನೆಯ ಪ್ರತಿಮೆಯಾದ ಸಚಿತ್ತತ್ಯಾಗವನ್ನು ಹಿಡಿದವರೂ ಅಂಥದನ್ನು ವಿಚಾರಿಸಿ ಸ್ವೀಕರಿಸಬಲ್ಲರು. ಆದರೆ ಅದೇ ಹೋಳನ್ನು ಮುಚ್ಚಿ ಅಟ್ಟದ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಅದು ಸಂಧಾನ. ಮೊದಲ ದಿನ ಶುದ್ಧಿಯನ್ನು ಕೊಟ್ಟ ಉಪ್ಪೇ ಅನಂತರ ಸಂಗ್ರಹದ ಸಾಧನವಾಗುತ್ತದೆ. ಈ ಎರಡರ ನಡುವೆ ಗೆರೆ ಎಳೆಯುವುದು ಕಾಲದ ಮರ್ಯಾದೆ. ದಿಗಂಬರ ಶ್ರಾವಕರಲ್ಲಿ ಉಪ್ಪಿನಕಾಯಿಗೆ ರೂಢಿಯಿಂದ ಬಂದಿರುವ ಮರ್ಯಾದೆ ಎಂಟು ಪ್ರಹರ, ಎಂದರೆ 24 ಗಂಟೆ.

ಅಂಗಡಿಯ ಬಾಟಲಿಯನ್ನು ಈ ಮರ್ಯಾದೆಯ ಬೆಳಕಿನಲ್ಲಿ ನೋಡಬೇಕು. ಅದರ ಮೇಲಿನ ಹಸಿರು ಗುರುತು ಪದಾರ್ಥವು ಸಸ್ಯಾಹಾರವೆಂದಷ್ಟೇ ತಿಳಿಸುತ್ತದೆ. ಅದರ ಮೇಲಿನ ದಿನಾಂಕವು ತಯಾರಿಯ ಅಥವಾ ತುಂಬಿದ ದಿನಾಂಕ, ಕಾಯಿಯನ್ನು ಕೊಯ್ದು ಉಪ್ಪಿಗೆ ಹಾಕಿದ ದಿನಾಂಕವಲ್ಲ. ದೊಡ್ಡ ಪ್ರಮಾಣದ ತಯಾರಿಕೆಯಲ್ಲಿ ಹಂಗಾಮಿನ ಕಾಯಿಯನ್ನು ಪೀಪಾಯಿಗಳಲ್ಲಿ ಉಪ್ಪುನೀರಿಗೆ ಹಾಕಿ ತಿಂಗಳುಗಟ್ಟಲೆ ಇಟ್ಟು, ಬೇಡಿಕೆಯಂತೆ ಹೊರತೆಗೆದು ಮಸಾಲೆ ಬೆರೆಸುವುದು ಸಾಮಾನ್ಯ ಪದ್ಧತಿ. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇಲ್ಲ. ವ್ಯಾಪಾರಿ ಯಾರಿಗೂ ಮೋಸ ಮಾಡುತ್ತಿಲ್ಲ. ಅದನ್ನು ತಂದು ಬಸದಿಯ ಪಂಕ್ತಿಯಲ್ಲಿ "ಜೈನರದ್ದೇ" ಎಂದು ಬಡಿಸುವವರು ಮಾತ್ರ ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಿದ್ದಾರೆ.

ಈಚೆಗೆ ಪಾಶ್ಚಾತ್ಯ ಪದ್ಧತಿಯ ದಿಢೀರ್ ಉಪ್ಪಿನಕಾಯಿಯೂ ಪಟ್ಟಣದ ಮನೆಗಳಿಗೆ ಬಂದಿದೆ. ಸೌತೆ, ಕ್ಯಾರೆಟ್ ಮುಂತಾದುವನ್ನು ವಿನೆಗರ್‌ನಲ್ಲಿ ಅದ್ದಿ ಅರ್ಧ ದಿನದಲ್ಲಿ ಸಿದ್ಧಪಡಿಸುವ ಕ್ರಮವಿದು. ಬೇಗ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ನಿರ್ದೋಷವೆಂದು ತಿಳಿಯಬಾರದು. ಕ್ಯಾರೆಟ್ ಕಂದಮೂಲ. ಹುದುಗಿಸಿದ ವಿನೆಗರ್ ಎಂದರೆ ಮೊದಲು ಮದ್ಯಸಾರವಾಗಿ ಅನಂತರ ಹುಳಿತದ್ದು. ಆಶಾಧರರು ಸಂಧಾನವನ್ನೇ ಮದ್ಯವ್ರತದ ಮಲವೆಂದ ಮೇಲೆ ಮದ್ಯಸಾರದಿಂದಲೇ ಹುಟ್ಟಿದ ಹುಳಿಯ ವಿಷಯದಲ್ಲಿ ಹೇಳಬೇಕಾದದ್ದೇನಿದೆ? ನಿಂಬೆ, ಬಿಂಬುಳಿ, ಅಂಬಟೆ, ಮಾವಿನಕಾಯಿ, ಪುನರ್ಪುಳಿ ಬೆಳೆಯುವ ಕರಾವಳಿಯವರು ಹುಳಿಗಾಗಿ ಬಾಟಲಿಯ ಮುಚ್ಚಳ ತೆರೆಯುವುದು ಸಮುದ್ರತೀರದವರು ಉಪ್ಪಿಗೆ ಬರ ಎಂದಂತೆ.

ಈ ವಾದಕ್ಕೆ ಬರುವ ಆಕ್ಷೇಪಗಳು ಕೆಲವು ಇವೆ. ಅವುಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಹಿರಿಯರು ಭರಣಿ ಹಾಕುತ್ತಿರಲಿಲ್ಲವೆ ಎಂಬುದು ಮೊದಲ ಆಕ್ಷೇಪ. ಹಾಕುತ್ತಿದ್ದರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಆಷಾಢದಿಂದ ಭಾದ್ರಪದದವರೆಗೆ ಗಂಜಿಯ ಜೊತೆಗೆ ನಂಜಿಕೊಳ್ಳಲು ಬೇರೆ ಏನಿತ್ತು? ಅವರದು ಅನಿವಾರ್ಯತೆ. ಇಂದು ಮಳೆಗಾಲದಲ್ಲೂ ನಿಂಬೆಹಣ್ಣು ಪೇಟೆಯಲ್ಲಿ ತಪ್ಪದೆ ಸಿಗುತ್ತದೆ. ಅನಿವಾರ್ಯತೆ ಹೋದ ಮೇಲೂ ಉಳಿಯುವ ಸಂಗ್ರಹಕ್ಕೆ ಪರಿಗ್ರಹವೆಂದೇ ಹೆಸರು. ಹಿರಿಯರು ಉಪ್ಪಿನ ಹಂಗಿಲ್ಲದೆ ತರಕಾರಿಯನ್ನು ಕಾಪಾಡುವ ದಾರಿಯನ್ನೂ ತೋರಿಸಿಕೊಟ್ಟಿದ್ದರೆಂಬುದನ್ನು ಮರೆಯಬಾರದು. ಬಲಿತ ಮೊಗೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಬಿಗಿದು ಮಾಡಿನ ಜಂತಿಗೆ ಸಾಲಾಗಿ ತೂಗುಹಾಕಿದರೆ ಮಳೆಗಾಲದ ತನಕ ಅವು ಇಡಿಯಾಗಿಯೇ ಉಳಿಯುತ್ತಿದ್ದವು. ಬೇಕಾದ ದಿನ ಒಂದನ್ನು ಇಳಿಸಿ ಹೆಚ್ಚಿದರಾಯಿತು. ಹಿರಿಯರನ್ನು ಅನುಸರಿಸಬೇಕೆನ್ನುವವರು ಈ ಜಂತಿಯನ್ನೂ ನೆನೆಯಲಿ.

ಉಪ್ಪು ಹೆಚ್ಚಾಗಿದ್ದರೆ ಜೀವೋತ್ಪತ್ತಿಯೇ ಇಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ಗಾಢವಾದ ಉಪ್ಪಿನಲ್ಲಿ ಬಹುತೇಕ ಸೂಕ್ಷ್ಮಜೀವಿಗಳ ಬೆಳವಣಿಗೆ ಕುಗ್ಗುವುದು ನಿಜ. ಆದರೆ ಉಪ್ಪನ್ನು ತಾಳಿಕೊಳ್ಳುವ ಜೀವಿಗಳೂ ಇವೆ. ಭರಣಿಯ ಮೇಲೆ ಬಿಳಿ ಪೊರೆ ಕಟ್ಟುವುದನ್ನು ಕಾಣದ ಗೃಹಿಣಿ ಈ ಕರಾವಳಿಯಲ್ಲಿ ಇರಲಾರಳು. ಆ ಪೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲಿ, ಮೇಲೆ ಇನ್ನಷ್ಟು ಉಪ್ಪು ಸುರಿದು, ಮತ್ತೆ ಮುಚ್ಚಿಡುವ ಕೈ ಅಹಿಂಸೆಯ ಕೈ ಎಂದು ಹೇಳಲು ಬಾಯಿ ಬರುತ್ತದೆಯೆ? ಅಲ್ಲದೆ ಉಪ್ಪೇ ಮುಖ್ಯ ಸಂರಕ್ಷಕವಾಗಿರುವ ಉಪ್ಪಿನಕಾಯಿಯಲ್ಲಿ ಅದರ ಪ್ರಮಾಣ ಶೇಕಡಾ 12ಕ್ಕಿಂತ ಕಡಿಮೆ ಇರಬಾರದೆಂಬುದು ಆಹಾರ ನಿಯಮ. ಅಂಥ ಉಪ್ಪಿನಕಾಯಿ 20 ಗ್ರಾಂ ತಿಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು ದೇಹಕ್ಕೆ ಸೇರುತ್ತದೆ. ಪ್ರೌಢರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲೆಯ ಒಂದು ಮೂಲೆಯೇ ಅದರ ಅರ್ಧವನ್ನು ತಿಂದುಹಾಕಿದಂತಾಯಿತು.

ಮೊಸರಿನಲ್ಲೂ ಬ್ಯಾಕ್ಟೀರಿಯ ಇಲ್ಲವೆ, ಅದನ್ನು ತಿನ್ನುವವರು ಉಪ್ಪಿನಕಾಯಿಯನ್ನು ಏಕೆ ಬಿಡಬೇಕು ಎಂಬುದು ಮೂರನೆಯದು, ಎಲ್ಲಕ್ಕಿಂತ ಜಾಣ ಆಕ್ಷೇಪ. ಉತ್ತರ ಸರಳ. ಗೃಹಸ್ಥನಿಂದ ಸಂಪೂರ್ಣ ಅಹಿಂಸೆಯನ್ನು ಆಚಾರ್ಯರು ನಿರೀಕ್ಷಿಸಲಿಲ್ಲ. ನಿರೀಕ್ಷಿಸಿದ್ದರೆ ಅವನಿಗೆ ಅಣುವ್ರತಗಳ ಬದಲು ಮಹಾವ್ರತಗಳನ್ನೇ ಕೊಡುತ್ತಿದ್ದರು. ಅವರು ಅವನಿಗೆ ಕೊಟ್ಟದ್ದು ಮರ್ಯಾದೆ. ಮೊಸರಿಗೂ ದಿನದ ಲೆಕ್ಕವಿದೆ, ಹಿಟ್ಟಿಗೂ ಇದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಲೆಕ್ಕ ಅನೇಕ ಮನೆಗಳಲ್ಲಿ ಇನ್ನೂ ನೆನಪಿದೆ. ಎಲ್ಲದಕ್ಕೂ ಲೆಕ್ಕವಿರುವಾಗ ಉಪ್ಪಿನಕಾಯಿಯ ಖಾತೆಯೊಂದನ್ನು ಮಾತ್ರ ವರ್ಷಾಂತ್ಯದವರೆಗೆ ತೆರೆದಿಡುವುದು ಯಾವ ನ್ಯಾಯ? ಇದೇ ಮಾತು ಫ್ರಿಜ್ಜಿಗೂ ಸಲ್ಲುತ್ತದೆ. ಶೈತ್ಯವು ಹುಳಿಯುವ ವೇಗವನ್ನು ತಗ್ಗಿಸುತ್ತದೆ, ಕಾಲವನ್ನು ನಿಲ್ಲಿಸುವುದಿಲ್ಲ. ಎಂಟು ಪ್ರಹರ ಎಂಬ ನಿಯಮ ಫ್ರಿಜ್ಜಿನೊಳಗೆ ಎಂಟು ದಿನವಾಗಿ ಹಿಗ್ಗದು.

ಉಪ್ಪಿನಕಾಯಿ ಮಾಡಿ ಜೀವನ ಸಾಗಿಸುವ ಮಹಿಳೆಯರ ಗತಿಯೇನು ಎಂಬುದು ನಾಲ್ಕನೆಯದು. ಇದು ಕರುಣೆಯಿಂದ ಹುಟ್ಟಿದ ಪ್ರಶ್ನೆ, ಆದ್ದರಿಂದ ಗೌರವಕ್ಕೆ ಅರ್ಹ. ಅನ್ಯರ ಆಹಾರಪದ್ಧತಿಯನ್ನು ತಿದ್ದುವುದು ಇಲ್ಲಿನ ಉದ್ದೇಶವಲ್ಲ. ಅವರ ಕೈಯಲ್ಲಿ ಹಳೆಯ ಉಪ್ಪಿನಕಾಯಿಯನ್ನು ಕೊಳ್ಳುವ ಬದಲು, ಪೂಜೆಯ ದಿನ ಬೆಳಿಗ್ಗೆ ಅವರನ್ನೇ ಕರೆಸಿ, ತಕ್ಕ ಕೂಲಿ ಕೊಟ್ಟು, ಹೊಸದನ್ನು ಮಾಡಿಸಬಹುದು. ಕೈಕಸುಬು ಉಳಿಯುತ್ತದೆ, ವ್ರತವೂ ಉಳಿಯುತ್ತದೆ.

ಇನ್ನು ಉಳಿದದ್ದು ಮಾಡುವ ಕ್ರಮ. ಇದು ಕಷ್ಟವೆಂಬ ಭ್ರಮೆಯೇ ಅನೇಕರನ್ನು ಬಾಟಲಿಯ ಕಡೆಗೆ ತಳ್ಳಿದೆ. ಮಾವಿನಕಾಯಿಯ ಹೋಳು ಅರ್ಧ ಕಿಲೋ ಇದ್ದರೆ ಹುರಿದು ಪುಡಿ ಮಾಡಿದ ಉಪ್ಪು 25 ಗ್ರಾಂ ಸಾಕು. ಕಾಯಿ ಮಿಡಿಯೂ ಆಗಿರಬಾರದು, ಹಣ್ಣಿಗೂ ತಿರುಗಿರಬಾರದು. ಸೋಸಿದ ನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಹುಳುವಿದೆಯೇ ಎಂದು ಹಗಲಿನ ಬೆಳಕಿನಲ್ಲಿ ನೋಡಿ ಹೆಚ್ಚಬೇಕು. ಒಣಮೆಣಸು, ಒಂದು ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ ಇವನ್ನು ಹುರಿದು ಆಗಲೇ ಪುಡಿ ಮಾಡಿ ಬೆರೆಸಬೇಕು. ಪುಡಿಗೂ ಮರ್ಯಾದೆ ಇರುವುದರಿಂದ ಹಳೆಯ ಡಬ್ಬಿಯ ಪುಡಿ ಸಲ್ಲದು. ಮೇಲೆ ಎರಡು ಚಮಚ ಎಣ್ಣೆಯ ಒಗ್ಗರಣೆ. ಅರ್ಧ ಗಂಟೆಯಲ್ಲಿ ಹೋಳು ನೀರುಬಿಟ್ಟು ರಸ ಕೂಡುತ್ತದೆ. ಇದರ 20 ಗ್ರಾಂನಲ್ಲಿ ಇರುವ ಉಪ್ಪು ಒಂದು ಗ್ರಾಂಗಿಂತಲೂ ಕಡಿಮೆ.

ಮುಳ್ಳುಸೌತೆ ತಾನೇ ಬಹಳ ನೀರು ಬಿಡುವುದರಿಂದ ಅದಕ್ಕೆ ಮೊದಲು ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ನೀರು ಬಸಿದು, ಆಮೇಲೆ ನಿಂಬೆರಸವನ್ನೂ ಒಗ್ಗರಣೆಯನ್ನೂ ಸೇರಿಸಬೇಕು. ತೊಂಡೆಕಾಯಿ ಗಟ್ಟಿ. ಅದನ್ನು ತೆಳ್ಳಗೆ ಸೀಳಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಹುಳಿ ಉಪ್ಪು ಬೇಗ ಹಿಡಿಯುತ್ತದೆ. ಹಾಗಲಕಾಯಿಯನ್ನು ಉಪ್ಪಿನಲ್ಲಿ ಹಿಂಡಿದರೆ ಕಹಿ ತಗ್ಗುತ್ತದೆ. ಬಿಂಬುಳಿಗೆ ಬೇರೆ ಹುಳಿಯೇ ಬೇಡ. ಕನ್ನಡದಲ್ಲಿ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನು ಬರೆದ ಮೂರನೆಯ ಮಂಗರಸ ಜೈನಕವಿ. ಹದಿನಾರನೆಯ ಶತಮಾನದ ಆರಂಭದಲ್ಲೇ ಅಡುಗೆಯನ್ನು ಕಾವ್ಯದ ಮಟ್ಟಕ್ಕೆ ಏರಿಸಿದ ಸಮಾಜಕ್ಕೆ ನಾಲ್ಕು ಸೌತೆಕಾಯಿ ಹೆಚ್ಚುವುದು ಭಾರವೆನಿಸಬಾರದು.

ಟ್ರಸ್ಟುಗಳ ಆಡಳಿತದವರಿಗೆ ಲೆಕ್ಕವೇ ಮುಖ್ಯವಾದುದರಿಂದ ಲೆಕ್ಕವನ್ನೇ ನೋಡಬಹುದು. ಇನ್ನೂರು ಎಲೆಯ ಊಟ, ಎಲೆಗೆ 20 ಗ್ರಾಂ ಎಂದರೆ ಒಟ್ಟು 4 ಕಿಲೋ ಉಪ್ಪಿನಕಾಯಿ. ಅದಕ್ಕೆ ಮೂರೂವರೆ ಕಿಲೋ ಹೋಳು, 175 ಗ್ರಾಂ ಉಪ್ಪು ಬೇಕು. ಗೊರಟು ತೆಗೆದು ಅಷ್ಟು ಹೋಳು ಬರಬೇಕಾದರೆ ಐದು ಕಿಲೋ ಮಾವಿನಕಾಯಿ ತರಬೇಕಾದೀತು. ನಾಲ್ವರು ಕುಳಿತರೆ ಅಭಿಷೇಕ ಮುಗಿಯುವುದರೊಳಗೆ ಹೆಚ್ಚಿ ಮುಗಿಯುತ್ತದೆ. ಸಾವಿರಾರು ರೂಪಾಯಿಯ ಹೂವಿನ ಅಲಂಕಾರಕ್ಕೆ ಮಂಜೂರಾತಿ ನೀಡುವ ಸಭೆಗೆ ಐದು ಕಿಲೋ ಮಾವಿನಕಾಯಿ ಹೆಚ್ಚಿನ ಖರ್ಚಲ್ಲ. ಜನರಿಲ್ಲ ಎಂಬ ನೆಪವೂ ಸಲ್ಲದು. ಪಂಕ್ತಿಯಲ್ಲಿ ಕೂರಲು ಇನ್ನೂರು ಜನ ಇರುವಲ್ಲಿ ಮೆಟ್ಟುಕತ್ತಿಯ ಮುಂದೆ ಕೂರಲು ನಾಲ್ವರು ಇಲ್ಲವೆ?

ಆಳುಪರ ರಾಜಧಾನಿಯಾಗಿದ್ದ ಬಾರಕೂರಿನಲ್ಲಿ ಕತ್ತಲೆ ಬಸದಿ ಇಂದಿಗೂ ನಿಂತಿದೆ. ಕುಂದಾಪುರದ ಸಮೀಪದ ಹಟ್ಟಿಯಂಗಡಿಯಲ್ಲಿ ಬಸದಿ ಇದೆ. ಒಂದು ಕಾಲಕ್ಕೆ ಈ ಊರುಗಳಲ್ಲಿ ಎಷ್ಟು ಒಲೆಗಳು ಸೂರ್ಯಾಸ್ತಕ್ಕೆ ಮೊದಲು ಆರುತ್ತಿದ್ದಿರಬೇಕು! ಇಂದು ಈ ಮೂರು ತಾಲ್ಲೂಕುಗಳಲ್ಲಿ ಜೈನ ಮನೆಗಳು ಸಂಖ್ಯೆಯಲ್ಲಿ ಕಡಿಮೆ. ಸಂಖ್ಯೆ ಕಡಿಮೆಯಾದ ಸಮಾಜಕ್ಕೆ ಕಲ್ಲಿನ ಕಟ್ಟಡದ ಜೀರ್ಣೋದ್ಧಾರದಷ್ಟೇ ಆಚಾರದ ಜೀರ್ಣೋದ್ಧಾರವೂ ಅಗತ್ಯ. ಕಲ್ಲಿಗೆ ಸರ್ಕಾರದ ನೆರವು ದೊರೆತೀತು, ಆಚಾರಕ್ಕೆ ಮನೆಯವರೇ ಗತಿ.

ಆದುದರಿಂದ ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ಸಭೆಯಲ್ಲಿ ಒಂದು ಸಣ್ಣ ನಿರ್ಣಯ ಕೈಗೊಳ್ಳಲಿ: ಧರ್ಮಸ್ಥಾನದ ಪಂಕ್ತಿಯಲ್ಲಿ ಅಂದೇ ಮಾಡಿದ ಉಪ್ಪಿನಕಾಯಿಯನ್ನು ಬಡಿಸತಕ್ಕದ್ದು, ಇಲ್ಲವಾದರೆ ಉಪ್ಪಿನಕಾಯಿಯೇ ಬೇಡ. ಪ್ರತಿಯೊಂದು ಮನೆಯೂ ಈ ಬೇಸಗೆಯಲ್ಲಿ ಒಂದು ಭರಣಿಯನ್ನಾದರೂ ಖಾಲಿಯಾಗಿ ಉಳಿಸಲಿ. ಖಾಲಿ ಭರಣಿಯನ್ನು ಕಂಡು ಮಕ್ಕಳು ಕಾರಣ ಕೇಳುವರು. ಆಗ ಹಿರಿಯರು ಹೇಳುವ ಉತ್ತರವೇ ಆ ಮಕ್ಕಳಿಗೆ ಮೊದಲ ಶ್ರಾವಕಾಚಾರ.

ಮುಂದಿನ ಪೂಜೆಯ ದಿನ ಅದೇ ವೃದ್ಧೆ ಪಂಕ್ತಿಯಲ್ಲಿ ಕುಳಿತು ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಬಡಿಸುವ ಹುಡುಗ, "ಇಂದು ಬೆಳಿಗ್ಗೆ ಹೆಚ್ಚಿದ್ದು ಅಮ್ಮಾ, ನಾನೇ ಹೆಚ್ಚಿದೆ" ಎಂದು ಹೇಳುವಂತಾಗಬೇಕು. ಆ ಎಲೆಯ ಮೂಲೆ ತುಂಬುವುದಕ್ಕೆ ಬೇಕಾದದ್ದು ಒಂದು ಮಾವಿನಕಾಯಿ, ಒಂದು ಚಿಟಿಕೆ ಉಪ್ಪು, ಅರ್ಧ ಗಂಟೆಯ ಸಮಯ.